‘ಹೇಳಿಲ್ಲ’ ಎನ್ನಲು ಕಲಿಸುವ ಓದು

ಕನ್ನಡದಲ್ಲಿ ‘ಓದು’ ಎಂಬ ಮಾತು ಹಲವು ಕೆಲಸ ಮಾಡುತ್ತದೆ. ‘ಹುಡುಗ ಎಷ್ಟು ಓದಿದ್ದಾನೆ?’ ಎಂದು ಹೆಣ್ಣಿನ ಕಡೆಯವರು ಕೇಳಿದರೆ ಅವರಿಗೆ ಬೇಕಾದದ್ದು ಪದವಿಯ ಹೆಸರು. ‘ಪರೀಕ್ಷೆ ಹತ್ತಿರ ಬಂತು, ಓದಿಕೋ’ ಎಂದು ತಾಯಿ ಗದರಿದರೆ ಅದರ ಅರ್ಥ ಬಾಯಿಪಾಠ ಮಾಡು ಎಂದು. ಮದುವೆಮನೆಯಲ್ಲಿ ಮುಯ್ಯಿ ಓದಿಸುವುದೆಂದರೆ ಯಾರು ಏನು ಕೊಟ್ಟರೆಂದು ನಾಲ್ಕು ಜನಕ್ಕೆ ಕೇಳುವಂತೆ ಸಾರುವುದು. ಗಮಕಿಗಳು ಕಾವ್ಯ ಓದಿದರೆ ಅದು ರಾಗವಾಗಿ ಸಭೆಯನ್ನು ತುಂಬುತ್ತದೆ. ಈ ಎಲ್ಲ ಓದುಗಳಲ್ಲಿ ಬೆಳೆದ ಮನೆಯ ಮಗನೋ ಮಗಳೋ ಇಂದು ವಿದೇಶದ ವಿಶ್ವವಿದ್ಯಾಲಯಕ್ಕೆ ಹೊರಟಾಗ, ದಾರಿಯಲ್ಲಿ ಇನ್ನೊಂದು ಬಗೆಯ ಓದು ಎದುರಾಗುತ್ತದೆ. ಅಲ್ಲಿ ಬಾಯಿ ತೆರೆಯುವಂತಿಲ್ಲ. ಬಾಯಿಪಾಠ ಮಾಡಿದ್ದು ಉಪಯೋಗಕ್ಕೆ ಬರುವುದಿಲ್ಲ. ಗೊತ್ತಿರುವುದನ್ನು ಬರೆದರೆ ಅಂಕ ಹೋಗುತ್ತದೆ. ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ‘ಅಕಾಡೆಮಿಕ್ ರೀಡಿಂಗ್’ ಎಂಬ ಒಂದು ಗಂಟೆಯ ಓದು ಅದು. ಇಲ್ಲಿ ಸೇರಿರುವ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಆ ಗಂಟೆ ಎಲ್ಲಿಂದ ಬಂತು, ಅದು ಏನನ್ನು ಅಳೆಯುತ್ತದೆ, ಅದಕ್ಕೆ ಅಭ್ಯಾಸ ಮಾಡುವುದೆಂದರೆ ನಿಜವಾಗಿ ಏನು ಎಂಬುದನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

ಇಂಥ ಪರೀಕ್ಷೆಗಳಲ್ಲಿ ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಐಇಎಲ್‌ಟಿಎಸ್. ಜನರ ಬಾಯಲ್ಲಿ ಅದು ‘ಐಲ್ಟ್ಸ್’. ಅದರ ಅಕಾಡೆಮಿಕ್ ಓದಿನ ಭಾಗದಲ್ಲಿ ಮೂರು ದೀರ್ಘ ಬರಹಗಳಿರುತ್ತವೆ. ಮೂರೂ ಸೇರಿ 2150ರಿಂದ 2750 ಪದಗಳು. ಪ್ರಶ್ನೆಗಳು 40, ಸಮಯ 60 ನಿಮಿಷ. ಕಾಗದದ ಮೇಲೆ ಬರೆಯುವವರಿಗೆ ಕೇಳಿಕೆಯ ಪರೀಕ್ಷೆಯಲ್ಲಿ ಉತ್ತರಗಳನ್ನು ಎತ್ತಿ ಬರೆಯಲು ಹೆಚ್ಚುವರಿ ಹತ್ತು ನಿಮಿಷ ಉಂಟು. ಓದಿನ ಪರೀಕ್ಷೆಯಲ್ಲಿ ಅದೂ ಇಲ್ಲ. ಬರಹಗಳನ್ನು ಪುಸ್ತಕ, ನಿಯತಕಾಲಿಕ, ಪತ್ರಿಕೆಗಳಿಂದ ಆಯ್ದಿರುತ್ತಾರೆ. ಅವು ವಿಷಯತಜ್ಞರಿಗಾಗಿ ಬರೆದವಲ್ಲ, ತಿಳಿಯುವ ಆಸಕ್ತಿಯುಳ್ಳ ಸಾಮಾನ್ಯ ಓದುಗರಿಗಾಗಿ ಬರೆದವು. ಮೂರರಲ್ಲಿ ಒಂದಾದರೂ ತರ್ಕಬದ್ಧವಾದ ವಾದವನ್ನು ಬೆಳೆಸುವ ಬರಹವಾಗಿರುತ್ತದೆ. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಅಂಕ ಕಡಿತವಿಲ್ಲ. ನಲವತ್ತರಲ್ಲಿ ಬಂದ ಅಂಕವನ್ನು ಒಂಬತ್ತು ಮೆಟ್ಟಿಲುಗಳ ‘ಬ್ಯಾಂಡ್’ ಆಗಿ ಪರಿವರ್ತಿಸುತ್ತಾರೆ. ಸರಾಸರಿ ಲೆಕ್ಕದಲ್ಲಿ 23 ಅಂಕಕ್ಕೆ 6ನೇ ಬ್ಯಾಂಡ್, 30ಕ್ಕೆ 7, 35ಕ್ಕೆ 8.

ಈ ಅಂಕಿಗಳ ಹಿಂದೆ ಬದುಕಿನ ಲೆಕ್ಕಾಚಾರವಿದೆ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆಯ ದಾರಿ ಹಿಡಿದವರು ಓದಿನಲ್ಲಿ 7ನೇ ಬ್ಯಾಂಡ್ ತೋರಿಸಬೇಕು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನರ್ಸಿಂಗ್ ಮುಗಿಸಿದ ಹುಡುಗಿಗೆ ಮೂವತ್ತು ಸರಿಯುತ್ತರ ಬಂದರೆ ಬಾಗಿಲು ತೆರೆಯುತ್ತದೆ, ಒಂದೆರಡು ಕಡಮೆಯಾದರೆ ಮತ್ತೆ ಶುಲ್ಕ ಕಟ್ಟಿ ಮತ್ತೆ ಕೂರಬೇಕು. ಅಂಕಪಟ್ಟಿಯ ಬೆಲೆಯೂ ಸಾಮಾನ್ಯವಾಗಿ ಎರಡು ವರ್ಷ ಮಾತ್ರ. ಹೀಗೆ ಸಾಲ ಮಾಡಿ ಪರೀಕ್ಷೆಗೆ ಕೂರುವ ಮನೆಗಳಲ್ಲಿ ಈ ಓದು ಕೇವಲ ಭಾಷೆಯ ವಿಷಯವಾಗಿ ಉಳಿಯುವುದಿಲ್ಲ.

ಮೂವರು ಕುಳಿತ ಪರೀಕ್ಷೆ

ಇಂಗ್ಲಿಷ್ ಪರಭಾಷೆಯಾಗಿರುವವರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯವು ಮೊದಲ ಪ್ರಾವೀಣ್ಯ ಪರೀಕ್ಷೆಯನ್ನು ನಡೆಸಿದ್ದು 1913ರಲ್ಲಿ. ಕುಳಿತವರು ಮೂವರು, ಮೂವರೂ ನಪಾಸಾದರು. ಆ ಪರೀಕ್ಷೆ ಒಟ್ಟು ಹನ್ನೆರಡು ಗಂಟೆಗಳದ್ದು. ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್ ಭಾಷೆಗೆ ಅನುವಾದ, ಅವುಗಳಿಂದ ಇಂಗ್ಲಿಷಿಗೆ ಅನುವಾದ, ವ್ಯಾಕರಣ, ಪ್ರಬಂಧ, ಇಂಗ್ಲಿಷ್ ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ ಎಲ್ಲವೂ ಅದರಲ್ಲಿದ್ದವು. ಇಲ್ಲದೆ ಇದ್ದದ್ದು ಒಂದೇ: ಅಪರಿಚಿತ ಬರಹವೊಂದನ್ನು ಮೌನವಾಗಿ ಓದಿ, ಅದರಲ್ಲಿ ಏನಿದೆಯೆಂದು ಹೇಳುವ ಪ್ರತ್ಯೇಕ ಪ್ರಶ್ನೆಪತ್ರಿಕೆ. ಭಾಷೆ ಬಂದವನಿಗೆ ಓದು ತಾನಾಗಿ ಬರುತ್ತದೆ ಎಂಬುದು ಆ ಕಾಲದ ನಂಬಿಕೆಯಾಗಿದ್ದಿರಬೇಕು.

ಗಟ್ಟಿಯಾಗಿ ಓದುವುದೇ ನಿಜವಾದ ಓದು ಎಂಬ ಭಾವನೆ ನಮ್ಮಲ್ಲೂ ಹಳೆಯದು. ಪಾಣಿನೀಯ ಶಿಕ್ಷೆಯಲ್ಲಿ ಕೆಟ್ಟ ಪಾಠಕರನ್ನು ಆರು ಬಗೆಯಾಗಿ ಹೆಸರಿಸಿದೆ. ಅವರಲ್ಲಿ ಒಬ್ಬ, ಬರೆದಿಟ್ಟುಕೊಂಡದ್ದನ್ನು ನೋಡಿ ಓದುವವನು! ಕಂಠಸ್ಥ ವಿದ್ಯೆಯ ಕಾಲದಲ್ಲಿ ಹಾಳೆಯನ್ನು ನೋಡುವುದೇ ದೋಷ. ಆದರೆ ಅದೇ ಪಟ್ಟಿಯಲ್ಲಿ ಅರ್ಥ ತಿಳಿಯದೆ ಓದುವವನೂ ಇದ್ದಾನೆ ಎಂಬುದನ್ನು ಮರೆಯಬಾರದು. ಬಾಯಿಗೆ ಬಂದದ್ದು ಬುದ್ಧಿಗೂ ಬರಬೇಕೆಂಬ ಒತ್ತಾಯ ಪರಂಪರೆಯಲ್ಲಿ ಇದ್ದೇ ಇತ್ತು.

ಮೌನ ಓದನ್ನು ಅಳೆಯುವ ಕೆಲಸ ಗಟ್ಟಿಯಾಗಿ ಶುರುವಾದದ್ದು ಅಮೆರಿಕದ ಶಾಲೆಗಳಲ್ಲಿ. ಕಾನ್ಸಾಸ್‌ನ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞ 1915ರ ಸುಮಾರಿಗೆ ‘ಕಾನ್ಸಾಸ್ ಮೌನ ಓದಿನ ಪರೀಕ್ಷೆ’ಯನ್ನು ರೂಪಿಸಿದ. ಕೊಟ್ಟ ಪದಗಳಲ್ಲಿ ಸರಿಯಾದುದನ್ನು ಗುರುತಿಸಿ ಗೆರೆ ಎಳೆದರಾಯಿತು; ತಿದ್ದುವವನ ಮರ್ಜಿಗೆ ಎಡೆಯಿಲ್ಲ. ಇಂದು ನೀಟ್‌ನಿಂದ ಹಿಡಿದು ಬ್ಯಾಂಕ್ ಪರೀಕ್ಷೆಯವರೆಗೆ ನಮ್ಮ ಮಕ್ಕಳನ್ನು ಕಾಡುವ ಬಹು ಆಯ್ಕೆಯ ಪ್ರಶ್ನೆಯ ಮೂಲಪುರುಷರಲ್ಲಿ ಕೆಲ್ಲಿ ಒಬ್ಬ.

ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1917ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಮಹತ್ವದ್ದು. ಶಾಲೆಗೆ ಮಕ್ಕಳ ಹಾಜರಿ ಕುರಿತ ಒಂದು ನಿಯಮದ ಪುಟ್ಟ ವಾಕ್ಯಭಾಗವನ್ನು ಮಕ್ಕಳಿಗೆ ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳಿ, ಅವರು ಎಲ್ಲಿ ತಪ್ಪಿದರೆಂದು ಆತ ವಿಂಗಡಿಸಿದ. ಮಕ್ಕಳಿಗೆ ಪದಗಳ ಅರ್ಥ ಗೊತ್ತಿತ್ತು. ಆದರೂ ಒಂದು ಪದ ಕಣ್ಣಿಗೆ ಹೊಡೆದು, ಉಳಿದವು ಮಸುಕಾಗಿ, ಉತ್ತರ ದಿಕ್ಕು ತಪ್ಪುತ್ತಿತ್ತು. ವಾಕ್ಯದ ಪ್ರತಿಯೊಂದು ಅಂಶಕ್ಕೂ ತಕ್ಕಷ್ಟೇ ತೂಕ ಕೊಟ್ಟು, ಒಂದರೊಡನೆ ಒಂದನ್ನು ಸರಿಯಾಗಿ ಹೊಂದಿಸುವುದೇ ಓದು. ಅದು ಗಣಿತದ ಸಮಸ್ಯೆ ಬಿಡಿಸುವಂಥ ವಿಚಾರಕ್ರಿಯೆ ಎಂದು ಥಾರ್ನ್‌ಡೈಕ್ ತೀರ್ಮಾನಿಸಿದ. ಇಂದಿನ ಅಭ್ಯರ್ಥಿ ಪ್ರಶ್ನೆಯಲ್ಲಿ ಕಂಡ ಪದವನ್ನೇ ಬರಹದಲ್ಲಿ ಹುಡುಕಿ, ಸಿಕ್ಕ ಕೂಡಲೇ ಅದನ್ನೇ ಉತ್ತರವೆಂದು ಹಿಡಿದುಕೊಳ್ಳುವ ತಪ್ಪು ನೂರು ವರ್ಷದ ಹಿಂದೆ ಆತ ಗುರುತಿಸಿದ ತಪ್ಪೇ.

ಢಾಕಾದ ಒಂದು ವಿಚಾರ

ಪರಭಾಷೆಯ ಓದಿಗೆ ಪ್ರತ್ಯೇಕ ಬೆಲೆಯಿದೆ ಎಂಬ ವಿಚಾರ ಗಟ್ಟಿಯಾದದ್ದು ನಮ್ಮ ಉಪಖಂಡದಲ್ಲೇ ಎಂಬುದು ಗಮನಾರ್ಹ. ಅಂದಿನ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲನಾಗಿದ್ದ ಮೈಕೆಲ್ ವೆಸ್ಟ್, ದ್ವಿಭಾಷಿಕತೆಯ ಬಗ್ಗೆ 1926ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ. ಬಂಗಾಳದ ಸಾಮಾನ್ಯ ವಿದ್ಯಾರ್ಥಿಗೆ ಇಂಗ್ಲಿಷ್ ಮಾತಾಡುವ ಸಂದರ್ಭಗಳೇ ಕಡಮೆ. ಆದರೆ ತನ್ನ ಭಾಷೆಯಲ್ಲಿ ಇನ್ನೂ ಸಿಗದ ತಿಳಿವಳಿಕೆಯನ್ನು ಪುಸ್ತಕದಿಂದ ಪಡೆಯಲು ಅವನಿಗೆ ಇಂಗ್ಲಿಷ್ ಓದು ಬೇಕು ಎಂಬುದು ವೆಸ್ಟ್‌ನ ವಾದ.

ಅದಕ್ಕೆ ಆತ ಕೊಟ್ಟ ಕಾರಣ ವಿಮೆ ಮಾಡಿಸಿದವರಿಗೆಲ್ಲ ಅರ್ಥವಾಗುವಂಥದು. ಪಾಲಿಸಿಯನ್ನು ನಡುವೆ ಬಿಟ್ಟರೂ ಕೈಗೆ ಸಿಗುವ ಹಣಕ್ಕೆ ಸರೆಂಡರ್ ವ್ಯಾಲ್ಯೂ ಎನ್ನುತ್ತಾರಲ್ಲ, ಶಿಕ್ಷಣಕ್ಕೂ ಅಂಥದೊಂದು ಬೆಲೆಯಿದೆ ಎಂದ ವೆಸ್ಟ್. ಬಹಳಷ್ಟು ಮಕ್ಕಳು ಶಾಲೆಯನ್ನು ನಡುವೆಯೇ ಬಿಡುತ್ತಾರೆ. ಹಾಗೆ ಬಿಟ್ಟಾಗ ಅರ್ಧ ಕಲಿತ ವ್ಯಾಕರಣ ಯಾವ ಉಪಯೋಗಕ್ಕೂ ಬಾರದು. ಅರ್ಧ ಕಲಿತ ಓದು ಮಾತ್ರ ಆ ಅರ್ಧದಷ್ಟಾದರೂ ಕೆಲಸಕ್ಕೆ ಬರುತ್ತದೆ, ಮುಂದೆ ತಾನೇ ಬೆಳೆಯಲೂಬಹುದು. ಹೊಸ ಪದಗಳನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಎದುರಾಗುವಂತೆ ತುಂಬಿದ ಪಠ್ಯಪುಸ್ತಕಗಳನ್ನು ಆತ ರಚಿಸಿದ. ಸುಮಾರು 2000 ಮೂಲಪದಗಳ ಆತನ ಪ್ರಸಿದ್ಧ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಸರೆಂಡರ್ ವ್ಯಾಲ್ಯೂ ಎಂಬ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಭ್ಯಾಸದ ಪ್ರಶ್ನೆ ಬಂದಾಗ ಮತ್ತೆ ಬೇಕಾಗುತ್ತದೆ.

ಯಾರ ತಿಳಿವಳಿಕೆಗೆ ಅಂಕ?

ಎರಡನೆಯ ಮಹಾಯುದ್ಧದ ನಂತರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಂತೆ ವಿಶ್ವವಿದ್ಯಾಲಯಗಳಿಗೆ ಬೇರೆ ಬಗೆಯ ಪರೀಕ್ಷೆ ಬೇಕಾಯಿತು. ಅಮೆರಿಕದಲ್ಲಿ ಟೋಫೆಲ್ 1964ರಲ್ಲಿ ಆರಂಭವಾಯಿತು. ಬ್ರಿಟಿಷ್ ಕೌನ್ಸಿಲ್ ಬಳಸಲೆಂದು ಅಲನ್ ಡೇವಿಸ್ ಎಂಬ ಭಾಷಾವಿಜ್ಞಾನಿ ಸಿದ್ಧಪಡಿಸಿದ ಪರೀಕ್ಷೆ 1965ರಿಂದ ಚಾಲ್ತಿಗೆ ಬಂತು. 1980ರಲ್ಲಿ ಅದರ ಜಾಗಕ್ಕೆ ಇಎಲ್‌ಟಿಎಸ್ ಬಂದಿತು. ಅದರಲ್ಲಿ ವೈದ್ಯಕೀಯ, ಜೀವವಿಜ್ಞಾನ, ಭೌತವಿಜ್ಞಾನ, ತಂತ್ರಜ್ಞಾನ, ಸಮಾಜ ಅಧ್ಯಯನ ಎಂದು ಓದುವ ವಿಷಯಕ್ಕೆ ತಕ್ಕ ಪ್ರಶ್ನೆಪತ್ರಿಕೆಗಳು, ಜೊತೆಗೆ ಯಾವುದಕ್ಕೂ ಸೇರದವರಿಗೆ ಸಾಮಾನ್ಯವಾದ ಒಂದು. ವೈದ್ಯನಾಗುವವನಿಗೆ ವೈದ್ಯಕೀಯದ ಬರಹ ಕೊಡುವುದೇ ನ್ಯಾಯವಲ್ಲವೆ ಎಂಬುದು ಅದರ ಹಿಂದಿನ ಯೋಚನೆ.

ಯೋಚನೆ ಚೆನ್ನಾಗಿಯೇ ಇತ್ತು, ಆಚರಣೆ ಕಷ್ಟವಾಯಿತು. ನಗರ ಯೋಜನೆ ಓದುವವನು ತಂತ್ರಜ್ಞಾನಕ್ಕೆ ಸೇರುತ್ತಾನೋ ಸಮಾಜ ಅಧ್ಯಯನಕ್ಕೋ? 1989ರಲ್ಲಿ ಆಸ್ಟ್ರೇಲಿಯದ ಸಂಸ್ಥೆಯೂ ಕೂಡಿಕೊಂಡು ಐಲ್ಟ್ಸ್ ರೂಪುಗೊಂಡಾಗ ವಿಷಯಗಳ ಗುಂಪುಗಳು ಮೂರಕ್ಕೆ ಇಳಿದವು. 1995ರಲ್ಲಿ ಅವೂ ಹೋಗಿ ಎಲ್ಲರಿಗೂ ಒಂದೇ ಅಕಾಡೆಮಿಕ್ ಓದು ಉಳಿಯಿತು. ಈ ಬದಲಾವಣೆಗೆ ನೆಲೆಯಾದ ಸಂಶೋಧನೆಗಳಲ್ಲಿ ಕ್ಯಾರೊಲಿನ್ ಕ್ಲ್ಯಾಪ್‌ಹ್ಯಾಮ್ ಅವರದು ಮುಖ್ಯವಾದದ್ದು. ಹಿನ್ನೆಲೆಯ ತಿಳಿವಳಿಕೆ ಓದಿನ ಗ್ರಹಿಕೆಯ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಎಂಬುದನ್ನು ಅವರು ಪರಿಶೀಲಿಸಿದರು. ಅವರ ಗ್ರಂಥ 1996ರಲ್ಲಿ ಹೊರಬಂತು. ಬರಹ ತೀರ ವಿಶೇಷ ಶಾಸ್ತ್ರದ್ದಾದಾಗ ಹಿನ್ನೆಲೆಯ ತಿಳಿವಳಿಕೆ ಅಂಕವನ್ನು ಏರಿಸಬಹುದು, ಸಾಮಾನ್ಯ ಓದುಗರಿಗಾಗಿ ಬರೆದದ್ದಾದರೆ ಭಾಷೆಯ ಹಿಡಿತವೇ ಮುಖ್ಯವಾಗುತ್ತದೆ ಎಂಬ ದಿಕ್ಕಿನಲ್ಲಿ ಆ ಚರ್ಚೆ ಸಾಗಿತು.

ಇದರ ಹಿಂದೆ ಒಂದು ನ್ಯಾಯದ ಪ್ರಶ್ನೆಯಿದೆ. ಲಂಡನ್ನಿನಲ್ಲಿ ಬೆಳೆದವನಿಗೆ ಮೊದಲೇ ಗೊತ್ತಿರುವ ಸಂಗತಿ ರಾಯಚೂರಿನವನಿಗೆ ಗೊತ್ತಿರಲಾರದು. ತಿಳಿವಳಿಕೆಗೆ ಅಂಕ ಕೊಟ್ಟರೆ ಓದಿಗೆ ಅಂಕ ಸಿಕ್ಕಂತಾಗುವುದಿಲ್ಲ. ಆದ್ದರಿಂದ ಪ್ರಶ್ನೆ ಹಾಕುವವರು ಒಂದು ಕಟ್ಟುನಿಟ್ಟಿನ ಗೆರೆ ಎಳೆದರು: ಉತ್ತರ ಬರಹದ ಒಳಗಿರಬೇಕು, ಓದುಗನ ತಲೆಯಲ್ಲಲ್ಲ. ನಮ್ಮ ಅಭ್ಯರ್ಥಿಗಳಲ್ಲಿ ಅನೇಕರನ್ನು ಎಡವಿಸುವ ಕಲ್ಲು ಈ ಗೆರೆಯ ಮೇಲೆಯೇ ಇದೆ.

ಟ್ರೂ, ಫಾಲ್ಸ್, ನಾಟ್ ಗಿವನ್

ಐಲ್ಟ್ಸ್ ಓದಿನಲ್ಲಿ ಒಂದು ಬಗೆಯ ಪ್ರಶ್ನೆಯಿದೆ. ಒಂದು ಹೇಳಿಕೆ ಕೊಟ್ಟು, ಬರಹವು ಅದನ್ನು ಒಪ್ಪುತ್ತದೆಯೆ, ವಿರೋಧಿಸುತ್ತದೆಯೆ, ಅಥವಾ ಆ ಬಗ್ಗೆ ಏನೂ ಹೇಳಿಲ್ಲವೆ ಎಂದು ಕೇಳುತ್ತಾರೆ. ಮೊದಲೆರಡು ನಮಗೆ ಪ್ರಾಥಮಿಕ ಶಾಲೆಯ ‘ಸರಿ–ತಪ್ಪು ಗುರುತಿಸಿ’ಯಿಂದ ಪರಿಚಿತ. ಮೂರನೆಯದು ಹೊಸತು. ಕನ್ನಡದ ಉದಾಹರಣೆಯೊಂದರಿಂದ ಅದನ್ನು ನೋಡಬಹುದು. ಬರಹದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ:

‘ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ.’

ಈಗ ನಾಲ್ಕು ಹೇಳಿಕೆಗಳು. ಒಂದು, ‘ಗಣಿಗಳು ಬೆಂಗಳೂರಿಗಿಂತ ಮೊದಲು ವಿದ್ಯುತ್ ಪಡೆದವು.’ ಇದು ಸರಿ. ಬರಹದಲ್ಲಿ ಈ ವಾಕ್ಯ ಇಲ್ಲದಿದ್ದರೂ ಎರಡು ಇಸವಿಗಳನ್ನು ಹೋಲಿಸಿದರೆ ಅದು ಸಿದ್ಧವಾಗುತ್ತದೆ. ಎರಡು, ‘ಬೆಂಗಳೂರಿನ ಬೀದಿದೀಪಗಳಿಗಾಗಿಯೇ ಬಂದ ವಿದ್ಯುತ್ತು ಆಮೇಲೆ ಕೋಲಾರಕ್ಕೆ ಹೋಯಿತು.’ ಇದು ತಪ್ಪು. ಬರಹ ಕೊಟ್ಟ ಕ್ರಮಕ್ಕೆ ಅದು ವಿರುದ್ಧ. ಮೂರು, ‘ವಿದ್ಯುತ್ತಿನಿಂದ ಗಣಿಗಳ ಉತ್ಪಾದನೆ ಹೆಚ್ಚಿತು.’ ಹೆಚ್ಚಿರಬಹುದು, ಹೆಚ್ಚದೆ ಇದ್ದಿರಬಹುದು, ಬರಹ ಹೇಳಿಲ್ಲ.

ನಾಲ್ಕನೆಯದು, ‘ಈ ಯೋಜನೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಪೂರ್ಣಗೊಂಡಿತು.’ ಇಲ್ಲಿ ಮೂರು ಬಗೆಯ ಓದುಗರು ಮೂರು ಕಡೆ ಹೋಗುತ್ತಾರೆ. ಮೈಸೂರಿನ ಎಲ್ಲ ಪ್ರಗತಿಗೂ ವಿಶ್ವೇಶ್ವರಯ್ಯನವರ ಹೆಸರನ್ನು ಜೋಡಿಸಿ ರೂಢಿಯಾದವನು ‘ಸರಿ’ ಎಂದು ಬರೆಯುತ್ತಾನೆ. ಇತಿಹಾಸ ಬಲ್ಲವನು, ವಿಶ್ವೇಶ್ವರಯ್ಯನವರು ದಿವಾನರಾದದ್ದು 1912ರಲ್ಲಿ, ಶಿವನಸಮುದ್ರದ ಯೋಜನೆ ಹೊರಟದ್ದು ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂದು ನೆನೆದು ‘ತಪ್ಪು’ ಎಂದು ಬರೆಯುತ್ತಾನೆ. ಇಬ್ಬರಿಗೂ ಅಂಕವಿಲ್ಲ. ಕೊಟ್ಟ ಎರಡು ವಾಕ್ಯಗಳಲ್ಲಿ ದಿವಾನರ ಮಾತೇ ಇಲ್ಲ. ‘ಹೇಳಿಲ್ಲ’ ಎಂದವನಿಗೆ ಅಂಕ.

ಇತಿಹಾಸ ಬಲ್ಲವನಿಗೆ ಇದು ಅನ್ಯಾಯವೆನ್ನಿಸುವುದು ಸಹಜ. ಆದರೆ ಇಲ್ಲಿ ಕೇಳಿರುವುದು ‘ಸತ್ಯವೇನು?’ ಎಂದಲ್ಲ, ‘ಈ ಬರಹಗಾರ ಏನು ಹೇಳಿದ?’ ಎಂದು. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಉನ್ನತ ವ್ಯಾಸಂಗದ ಮೊದಲ ಶಿಸ್ತು. ಇನ್ನೊಬ್ಬರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿ ಆಮೇಲೆ ಅದನ್ನು ಖಂಡಿಸುವುದು ನಮ್ಮ ಸಭೆಗಳಲ್ಲೂ ಪತ್ರಿಕೆಗಳ ವಾಚಕರ ವಾಣಿಯಲ್ಲೂ ಅಪರೂಪವೇನಲ್ಲ. ‘ಹೇಳಿಲ್ಲ’ ಎಂದು ಗುರುತಿಸಲು ಬಂದವನು ಆ ತಪ್ಪಿನಿಂದ ಅಷ್ಟರ ಮಟ್ಟಿಗೆ ದೂರವಾಗುತ್ತಾನೆ.

ಪರೀಕ್ಷೆಯ ಮಿತಿಯೂ ಇಲ್ಲೇ ಇದೆ. ಬರಹಗಾರ ಏನು ಹೇಳಿದನೆಂದು ತಿಳಿದ ಮೇಲೆ, ಅವನು ಹೇಳಿದ್ದು ಒಪ್ಪತಕ್ಕದ್ದೇ ಎಂದು ತೂಗುವ ಎರಡನೆಯ ಹೆಜ್ಜೆಯನ್ನು ವಿಶ್ವವಿದ್ಯಾಲಯ ಕೇಳುತ್ತದೆ. ಒಂದು ಗಂಟೆಯ ಪರೀಕ್ಷೆ ಆ ಹೆಜ್ಜೆಯನ್ನು ಅಳೆಯಲಾರದು. ಅದು ಹೊಸ್ತಿಲು, ಮನೆಯಲ್ಲ.

ಮೀಮಾಂಸಕರ ಆರು ಗುರುತು

ಬರಹದ ತಾತ್ಪರ್ಯವನ್ನು ಬರಹದಿಂದಲೇ ನಿರ್ಣಯಿಸಬೇಕೆಂಬ ಶಿಸ್ತು ನಮಗೆ ಹೊರಗಿನದಲ್ಲ. ಮೀಮಾಂಸಾ ಶಾಸ್ತ್ರದಲ್ಲಿ ತಾತ್ಪರ್ಯ ನಿರ್ಣಯಕ್ಕೆ ಆರು ಗುರುತುಗಳನ್ನು ಹೇಳುತ್ತಾರೆ. ಆರಂಭ ಮತ್ತು ಮುಕ್ತಾಯಗಳ ಹೊಂದಿಕೆಯಾದ ಉಪಕ್ರಮ–ಉಪಸಂಹಾರ, ಮತ್ತೆ ಮತ್ತೆ ಹೇಳುವ ಅಭ್ಯಾಸ, ಬೇರೆಡೆ ಸಿಗದ ಹೊಸತಾದ ಅಪೂರ್ವತೆ, ಪ್ರಯೋಜನವಾದ ಫಲ, ಹೊಗಳಿಕೆ ತೆಗಳಿಕೆಗಳ ಅರ್ಥವಾದ, ಯುಕ್ತಿಯಿಂದ ಸಮರ್ಥಿಸುವ ಉಪಪತ್ತಿ. ಇವು ವೇದವಾಕ್ಯಗಳ ಅರ್ಥನಿರ್ಣಯಕ್ಕೆ ಹುಟ್ಟಿದವು. ಇಂಗ್ಲಿಷ್ ಪರೀಕ್ಷೆಗೂ ಇವಕ್ಕೂ ಸಂಬಂಧವಿಲ್ಲ. ಆದರೂ ಒಂದೊಂದು ಪ್ಯಾರಾಕ್ಕೆ ತಕ್ಕ ಶೀರ್ಷಿಕೆಯನ್ನು ಪಟ್ಟಿಯಿಂದ ಆರಿಸಿ ಎಂಬ ಐಲ್ಟ್ಸ್ ಪ್ರಶ್ನೆಯ ಮುಂದೆ ಕುಳಿತವನಿಗೆ ಈ ಗುರುತುಗಳು ದಾರಿ ತೋರಿಸುತ್ತವೆ. ಪ್ಯಾರಾದ ಮೊದಲ ಮತ್ತು ಕೊನೆಯ ವಾಕ್ಯ ಯಾವ ಕಡೆ ಮುಖ ಮಾಡಿವೆ? ಯಾವ ವಿಚಾರ ಬೇರೆ ಬೇರೆ ಪದಗಳಲ್ಲಿ ಮರಳಿ ಬರುತ್ತಿದೆ? ಯಾವುದು ಹೊಸ ಮಾತು, ಯಾವುದು ಅದಕ್ಕೆ ಕೊಟ್ಟ ಉದಾಹರಣೆ ಮಾತ್ರ? ಉದಾಹರಣೆಯನ್ನೇ ವಿಷಯವೆಂದು ಹಿಡಿದವನು ತಪ್ಪು ಶೀರ್ಷಿಕೆ ಆರಿಸುತ್ತಾನೆ.

ಎರಡು ಬಗೆಯ ಇಂಗ್ಲಿಷ್

ಸಿನಿಮಾ ನೋಡಿ, ಗೆಳೆಯರೊಡನೆ ಮಾತಾಡಿ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ನಂಬಿದವರೂ ಈ ಓದಿನಲ್ಲಿ ಏಕೆ ಹಿಂದೆ ಬೀಳುತ್ತಾರೆ? ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದಕ್ಕೆ ಉತ್ತರವಿದೆ. ಸುಮಾರು 35 ಲಕ್ಷ ಪದಗಳ ಶೈಕ್ಷಣಿಕ ಬರಹಗಳನ್ನು ಪರಿಶೀಲಿಸಿ, ದಿನಬಳಕೆಯ ಪದಗಳನ್ನು ಬಿಟ್ಟು, ಎಲ್ಲ ಶಾಸ್ತ್ರಗಳಲ್ಲೂ ಪದೇ ಪದೇ ಬರುವ 570 ಪದಕುಟುಂಬಗಳನ್ನು ಅವರು ಆರಿಸಿದರು. ಬಿಟ್ಟ ದಿನಬಳಕೆಯ ಪದಗಳೆಂದರೆ ಢಾಕಾದ ಮೈಕೆಲ್ ವೆಸ್ಟ್‌ನ ಪಟ್ಟಿಯೇ. ಈ 570 ಕುಟುಂಬಗಳು ಶೈಕ್ಷಣಿಕ ಬರಹದಲ್ಲಿ ಶೇಕಡ 10ರಷ್ಟು ಜಾಗ ತುಂಬುತ್ತವೆ. ಕಥೆ ಕಾದಂಬರಿಗಳಲ್ಲಿ ಅವುಗಳ ಪಾಲು ಶೇಕಡ ಒಂದೂವರೆಯನ್ನೂ ಮುಟ್ಟುವುದಿಲ್ಲ. ಅನಲೈಸ್, ಕಾನ್ಸೆಪ್ಟ್, ಫ್ಯಾಕ್ಟರ್, ಸಿಗ್ನಿಫಿಕೆಂಟ್ ಮೊದಲಾದ ಈ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್ ಮೂಲದವು.

ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ಮನೆಯಲ್ಲಿ ಬಿಸಿಲು, ಎಲೆ, ಗೊಬ್ಬರ ಎಂದು ಮಾತಾಡುವ ರೈತನ ಮಗ ಹೈಸ್ಕೂಲಿಗೆ ಬಂದ ಕೂಡಲೇ ‘ದ್ಯುತಿಸಂಶ್ಲೇಷಣೆ’ಯನ್ನು ಎದುರಿಸುತ್ತಾನೆ. ಆಡುವ ಕನ್ನಡಕ್ಕೂ ಶಾಸ್ತ್ರದ ಕನ್ನಡಕ್ಕೂ ನಡುವೆ ಸಂಸ್ಕೃತ ನಿಂತಿರುವಂತೆ, ಆಡುವ ಇಂಗ್ಲಿಷಿಗೂ ಶಾಸ್ತ್ರದ ಇಂಗ್ಲಿಷಿಗೂ ನಡುವೆ ಲ್ಯಾಟಿನ್ ನಿಂತಿದೆ. ಒಂದು ಕಂದಕವನ್ನು ಈಗಾಗಲೇ ದಾಟಿದವನು ಇನ್ನೊಂದಕ್ಕೆ ಅಂಜಬೇಕಾಗಿಲ್ಲ. ಕನ್ನಡದಲ್ಲಿ ಗಟ್ಟಿಯಾದ ವೈಚಾರಿಕ ಬರಹ ಓದಿದ ವಿದ್ಯಾರ್ಥಿಗೆ ‘ಆದಾಗ್ಯೂ’, ‘ಅಂತೆಯೇ’, ‘ಇದಕ್ಕೆ ವ್ಯತಿರಿಕ್ತವಾಗಿ’ ಎಂಬ ಮಾತುಗಳ ತಿರುವು ಗೊತ್ತಿರುತ್ತದೆ. ಇಂಗ್ಲಿಷಿನಲ್ಲೂ ವಾದ ತಿರುಗುವುದು ಅಂಥ ಪದಗಳ ಬಳಿಯೇ.

ಗಡಿಯಾರದ ಲೆಕ್ಕ

‘ಸಮಯ ಸಾಲಲಿಲ್ಲ’ ಎಂಬುದು ಪರೀಕ್ಷೆ ಮುಗಿಸಿ ಹೊರಬಂದವರ ಸಾಮಾನ್ಯ ದೂರು. ಲೆಕ್ಕ ಹಾಕಿ ನೋಡಬಹುದು. ಇಂಗ್ಲಿಷ್ ಬಲ್ಲ ವಯಸ್ಕರು ಮೌನವಾಗಿ ಓದುವ ವೇಗದ ಬಗ್ಗೆ ನಡೆದ 190 ಅಧ್ಯಯನಗಳನ್ನು ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಒಟ್ಟುಗೂಡಿಸಿ, ನಿಮಿಷಕ್ಕೆ ಸರಾಸರಿ 238 ಪದ ಎಂದರು. ಆ ವೇಗದಲ್ಲಿ 2750 ಪದ ಓದಲು ಹನ್ನೆರಡು ನಿಮಿಷವೂ ಬೇಡ. ನಮ್ಮ ವಿದ್ಯಾರ್ಥಿ ಅದರ ಅರ್ಧ ವೇಗದಲ್ಲಿ ಓದಿದರೆ ಸುಮಾರು 23 ನಿಮಿಷ. ಉಳಿಯುವ 37 ನಿಮಿಷದಲ್ಲಿ 40 ಪ್ರಶ್ನೆ. ಅಂದರೆ ಒಂದು ಸಲ ಓದುವುದಕ್ಕೆ ಸಮಯ ಸಾಕು. ಪ್ರತಿ ಪ್ರಶ್ನೆಗೂ ಬರಹವನ್ನು ಮೊದಲಿನಿಂದ ಓದುವವನಿಗೆ ಮಾತ್ರ ಎಷ್ಟು ಸಮಯ ಕೊಟ್ಟರೂ ಸಾಲದು.

ಆದ್ದರಿಂದ ಓದಿನ ಗತಿಯನ್ನು ಕೆಲಸಕ್ಕೆ ತಕ್ಕಂತೆ ಬದಲಿಸಲು ಬರಬೇಕು. ಹಿಂದೆ ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಯಾರೂ ಮೊದಲ ನಂಬರಿನಿಂದ ಓದುತ್ತಿರಲಿಲ್ಲ. ಕಣ್ಣು ನೇರ ತಮ್ಮ ನಂಬರಿಗೆ ಹಾರುತ್ತಿತ್ತು. ಇಸವಿ, ಹೆಸರು, ಅಂಕಿಗಳನ್ನು ಹುಡುಕುವ ಓದು ಅಂಥದು. ಬೆಳಿಗ್ಗೆ ಕಾಫಿ ಕುಡಿಯುತ್ತ ತಲೆಬರಹಗಳ ಮೇಲೆ ಕಣ್ಣಾಡಿಸುವುದು ಇನ್ನೊಂದು ಬಗೆ. ಬರಹದಲ್ಲಿ ಎಲ್ಲಿ ಏನಿದೆ ಎಂಬ ನಕ್ಷೆ ಮೂಡುವುದು ಇದರಿಂದ. ಆಸ್ತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಸಾಲು ಸಾಲಿನ ಮೇಲೆ ಬೆರಳಿಟ್ಟು ಓದುವುದು ಮೂರನೆಯ ಬಗೆ. ನಾಟ್ ಗಿವನ್ ಪ್ರಶ್ನೆಗೆ ಬೇಕಾದದ್ದು ಈ ಮೂರನೆಯದು, ಆದರೆ ನಾಲ್ಕೈದು ಸಾಲುಗಳಿಗೆ ಮಾತ್ರ. ಆ ಸಾಲುಗಳು ಎಲ್ಲಿವೆಯೆಂದು ತೋರಿಸುವುದು ಮೊದಲೆರಡು.

ಹುಡುಕಿ ಹೋಲಿಸಿ ತೀರ್ಮಾನಿಸುವ ಇಂಥ ಕೆಲಸಗಳ ಮೂಲಕವೇ ಭಾಷೆ ಕಲಿಸಬಹುದೆಂದು ತೋರಿಸಲು ಹೊರಟ ಪ್ರಸಿದ್ಧ ಪ್ರಯೋಗವೊಂದು ನಡೆದದ್ದು ಬೆಂಗಳೂರಿನಲ್ಲಿ ಎಂಬುದು ಇಲ್ಲಿ ಹಲವರಿಗೆ ಹೊಸ ಸುದ್ದಿಯಾಗಬಹುದು. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ, 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಇದನ್ನು ಜಗತ್ತಿನ ಭಾಷಾಶಿಕ್ಷಕರು ‘ಬೆಂಗಳೂರು ಯೋಜನೆ’ ಎಂದೇ ಕರೆಯುತ್ತಾರೆ. ವ್ಯಾಕರಣದ ಪಾಠಗಳ ಬದಲು ಮಕ್ಕಳಿಗೆ ರೈಲು ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು, ಯಾವ ಗಾಡಿ ಹಿಡಿದರೆ ಸರಿ ಎಂಬಂಥ ಸಮಸ್ಯೆಗಳನ್ನು ಬಿಡಿಸಲು ಹೇಳುತ್ತಿದ್ದರು. ಗಮನ ಅರ್ಥದ ಮೇಲೆ ನೆಟ್ಟಾಗ ಭಾಷೆ ತಾನಾಗಿ ಬೇರೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅವರ ಗ್ರಂಥ 1987ರಲ್ಲಿ ಪ್ರಕಟವಾಯಿತು. ಈ ಯೋಜನೆಯ ಮೌಲ್ಯಮಾಪನ ಮಾಡಿದ ಇಬ್ಬರಲ್ಲಿ ಒಬ್ಬರು, 1965ರ ಪರೀಕ್ಷೆಯನ್ನು ರೂಪಿಸಿದ ಅದೇ ಅಲನ್ ಡೇವಿಸ್.

ಅಭ್ಯಾಸವೆಂದರೆ ಯಾವುದು?

ಈಗ ಮುಖ್ಯ ಪ್ರಶ್ನೆ. ತರಬೇತಿ ಕೇಂದ್ರಗಳ ಬಹುತೇಕ ಅಭ್ಯಾಸ ಒಂದೇ ಮಾದರಿಯದು: ದಿನಕ್ಕೊಂದು ಮಾದರಿ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟು ಬರೆಯುವುದು, ಅಂಕ ಎಣಿಸುವುದು, ಮರುದಿನ ಇನ್ನೊಂದು. ಪತ್ರಿಕೆಯ ರೂಪ ಪರಿಚಯವಾಗಲು, ಎರಡೇ ಪದ ಬರೆಯಿರಿ ಎಂದರೆ ಮೂರು ಬರೆದು ಅಂಕ ಕಳೆದುಕೊಳ್ಳದಿರಲು, ಕಾಗುಣಿತದ ತಪ್ಪಿಗೂ ಅಂಕ ಹೋಗುತ್ತದೆಂದು ಎಚ್ಚರವಾಗಲು ಇದು ಬೇಕು. ಐದಾರು ಪತ್ರಿಕೆಗಳಿಗೆ ಅಷ್ಟು ಪರಿಚಯ ಆಗಿಹೋಗುತ್ತದೆ. ಐವತ್ತನೆಯ ಪತ್ರಿಕೆಯ ಹೊತ್ತಿಗೆ ಅಂಕ ನಿಂತಲ್ಲೇ ನಿಂತಿದ್ದರೆ ಆಶ್ಚರ್ಯವಿಲ್ಲ. ಜ್ವರ ಇಳಿಯಲೆಂದು ಥರ್ಮಾಮೀಟರನ್ನು ಮತ್ತೆ ಮತ್ತೆ ಇಟ್ಟು ನೋಡಿದಂತೆ ಅದು. ಐಲ್ಟ್ಸ್‌ನ ಬರವಣಿಗೆಯ ಭಾಗವನ್ನು ಕುರಿತು ಆಂಥೊನಿ ಗ್ರೀನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ ಪರೀಕ್ಷೆಗೆ ತಯಾರು ಮಾಡುವ ತರಗತಿಗಳಿಗೂ ವ್ಯಾಸಂಗದ ಇಂಗ್ಲಿಷ್ ಕಲಿಸುವ ತರಗತಿಗಳಿಗೂ ಹೋಲಿಸಿದಾಗ, ಮೊದಲನೆಯವುಗಳಿಗೆ ಸ್ಪಷ್ಟವಾದ ಮೇಲುಗೈ ಕಾಣಲಿಲ್ಲ.

ಹಾಗಾದರೆ ಫಲ ಕೊಡುವ ಅಭ್ಯಾಸ ಯಾವುದು? ಮೊದಲು ಒಂದು ಬರಹವನ್ನು ಗಡಿಯಾರವಿಲ್ಲದೆ ಬಿಡಿಸಬೇಕು. ಸಮಯ ಬೇಕಾದಷ್ಟಿದ್ದೂ ತಪ್ಪಾದ ಉತ್ತರ ವೇಗದ ತಪ್ಪಲ್ಲ, ಗ್ರಹಿಕೆಯ ತಪ್ಪು ಎಂದು ಆಗ ತಿಳಿಯುತ್ತದೆ. ಎರಡನೆಯದು, ತಪ್ಪನ್ನು ಎಣಿಸುವ ಬದಲು ಥಾರ್ನ್‌ಡೈಕ್‌ನಂತೆ ವಿಂಗಡಿಸಬೇಕು. ಪದದ ಅರ್ಥ ಗೊತ್ತಿರಲಿಲ್ಲವೆ? ಉದ್ದ ವಾಕ್ಯದಲ್ಲಿ ಕರ್ತೃವೂ ಕ್ರಿಯಾಪದವೂ ದೂರವಾಗಿ ದಾರಿ ತಪ್ಪಿತೆ? ‘ಕೆಲವು’ ಎಂದದ್ದನ್ನು ‘ಎಲ್ಲ’ ಎಂದು ಓದಿದ್ದೆ? ಬರಹ ಹೇಳದ್ದನ್ನು ತಲೆಯಿಂದ ತುಂಬಿಕೊಂಡದ್ದೆ? ಹೀಗೆ ಬರೆದಿಟ್ಟರೆ ಹತ್ತು ದಿನಗಳಲ್ಲಿ ತನ್ನ ತಪ್ಪಿನ ಸ್ವಭಾವ ತನಗೇ ಕಾಣುತ್ತದೆ. ಮೂರನೆಯದು, ಪ್ರತಿ ಸರಿಯುತ್ತರಕ್ಕೂ ಬರಹದಲ್ಲಿ ಆಧಾರದ ಸಾಲನ್ನು ಬೆರಳಿಟ್ಟು ತೋರಿಸುವುದು. ಆಧಾರ ತೋರಿಸಲಾಗದ ಸರಿಯುತ್ತರ ಅದೃಷ್ಟವೇ ಹೊರತು ಓದಲ್ಲ. ಪ್ರಶ್ನೆಯ ಮಾತು ಬರಹದಲ್ಲಿ ಯಾವ ಬೇರೆ ಮಾತಾಗಿ ಬಂದಿದೆ ಎಂಬುದನ್ನು ಜೋಡಿ ಜೋಡಿಯಾಗಿ ಬರೆದುಕೊಂಡರೆ ಪದಸಂಪತ್ತು ತಾನಾಗಿ ಬೆಳೆಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ನಿಧಾನದ್ದು, ಎಲ್ಲಕ್ಕಿಂತ ಅಗ್ಗದ್ದು: ಪರೀಕ್ಷೆಯ ಹೊರಗಿನ ಓದು. ಸಾರ್ವಜನಿಕ ಗ್ರಂಥಾಲಯದಲ್ಲಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನೋ ವಿಜ್ಞಾನದ ಲೇಖನವನ್ನೋ ದಿನಕ್ಕೊಂದು ಓದಿ, ಅದರ ತಾತ್ಪರ್ಯವನ್ನು ಎರಡು ವಾಕ್ಯಗಳ ಕನ್ನಡದಲ್ಲಿ ಬರೆಯುವುದು. ಕನ್ನಡದಲ್ಲಿ ಹೇಳಲು ಬಾರದಿದ್ದರೆ ಅರ್ಥವಾಗಿಲ್ಲ ಎಂದೇ ತಿಳಿಯಬೇಕು. ತಾಯ್ನುಡಿ ಇಲ್ಲಿ ಅಡ್ಡಿಯಲ್ಲ, ಒರೆಗಲ್ಲು.

ಮೈಕೆಲ್ ವೆಸ್ಟ್‌ನ ವಿಮೆಯ ಮಾತು ಮತ್ತೆ ನೆನಪಾಗುವುದು ಇಲ್ಲಿ. ಪರೀಕ್ಷೆಗೆ ಕೂತವರೆಲ್ಲ ವಿದೇಶಕ್ಕೆ ಹೋಗುವುದಿಲ್ಲ. ಕೆಲವರಿಗೆ ಅಂಕ ಬರುವುದಿಲ್ಲ, ಕೆಲವರಿಗೆ ವೀಸಾ ಸಿಗುವುದಿಲ್ಲ, ಕೆಲವರು ಮನೆಯ ಕಾರಣಕ್ಕೆ ಉಳಿಯುತ್ತಾರೆ. ತಂತ್ರಗಳನ್ನಷ್ಟೇ ಕಲಿತವನ ಕೈಯಲ್ಲಿ ಆಗ ಉಳಿಯುವುದು ಎರಡು ವರ್ಷದಲ್ಲಿ ಬೆಲೆ ಕಳೆದುಕೊಳ್ಳುವ ಒಂದು ಹಾಳೆ. ಓದು ಕಲಿತವನಿಗೆ ಹಾಗಲ್ಲ. ಬ್ಯಾಂಕಿನ ಸಾಲಪತ್ರದ ಸಣ್ಣ ಅಕ್ಷರ, ಔಷಧದ ಪೊಟ್ಟಣದೊಳಗಿನ ಚೀಟಿ, ಚುನಾವಣೆಯ ಕಾಲದ ಭಾಷಣ, ಮೊಬೈಲಿನಲ್ಲಿ ಹರಿದಾಡುವ ಸುದ್ದಿ ಯಾವುದೇ ಎದುರಾದರೂ ‘ಇಲ್ಲಿ ಏನು ಹೇಳಿದೆ, ಏನು ಹೇಳಿಲ್ಲ’ ಎಂದು ಅವನು ಕೇಳಬಲ್ಲ. ಹೋದವರಿಗೂ ಅದೇ ಕಾಯುತ್ತದೆ: ರೋಗಿಯ ಕೇಸ್ ಪೇಪರಿನಲ್ಲಿ ಬರೆಯದೆ ಇರುವುದನ್ನು ಬರೆದಿದೆಯೆಂದು ಊಹಿಸಿಕೊಳ್ಳುವ ನರ್ಸ್‌ಗೆ ಕಳೆದುಹೋಗುವುದು ಒಂದು ಅಂಕವಲ್ಲ.

ಮೀಮಾಂಸಕರಲ್ಲಿ ‘ಅಭ್ಯಾಸ’ವೆಂದರೆ ಬರಹ ತನ್ನ ಮುಖ್ಯ ಮಾತನ್ನು ಮತ್ತೆ ಮತ್ತೆ ಹೇಳುವುದು. ನಮ್ಮ ಆಡುಮಾತಿನಲ್ಲಿ ಅಭ್ಯಾಸವೆಂದರೆ ಮನುಷ್ಯ ತನ್ನ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ಮತ್ತೆ ಮತ್ತೆ ಮಾಡುವುದು ಪರೀಕ್ಷೆಯನ್ನೋ ಓದನ್ನೋ ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು. 1913ರಲ್ಲಿ ಆ ಮೂವರು ನಪಾಸಾದ ದಿನದಿಂದ ಪರೀಕ್ಷೆಗಳ ರೂಪ ಹಲವು ಬಾರಿ ಬದಲಾಗಿದೆ, ಮುಂದೆಯೂ ಬದಲಾಗುತ್ತದೆ. ಕೊಟ್ಟ ಬರಹಕ್ಕೆ ನ್ಯಾಯವಾಗಿ ಕಿವಿಗೊಡುವ ಓದು ಮಾತ್ರ ಯಾವ ರೂಪದ ಪರೀಕ್ಷೆಯಲ್ಲೂ ಸಲ್ಲುತ್ತದೆ.